ಲೆಕ್ಕ ಒಪ್ಪಿಸಬೇಕಾದ ಹೊತ್ತು

ಕ್ರೈಸ್ತ ನಂಬಿಕೆಯಲ್ಲಿ ಹೊತ್ತು ಮನುಷ್ಯನ ಸ್ವಂತ ಆಸ್ತಿಯಲ್ಲ. ದೇವರು ಕೆಲವು ವರ್ಷಗಳ ಮಟ್ಟಿಗೆ ಅವನ ಕೈಗೆ ಕೊಟ್ಟಿರುವ, ಒಂದು ದಿನ ಲೆಕ್ಕ ಒಪ್ಪಿಸಬೇಕಾದ ಒಡವೆ ಅದು. ಈ ನಂಬಿಕೆ ಎರಡು ಸಾವಿರ ವರ್ಷಗಳಲ್ಲಿ ಬದಲಾಗಿಲ್ಲ. ಲೆಕ್ಕ ಒಪ್ಪಿಸುವ ಬಗೆ ಮಾತ್ರ ತುಂಬ ಬದಲಾಗಿದೆ. ಮೊದಲ ಹದಿನೈದು ಶತಮಾನಗಳಲ್ಲಿ ಹೊತ್ತನ್ನು ಸರಿಯಾಗಿ ಬಳಸುವುದೆಂದರೆ, ಮುಖ್ಯವಾಗಿ, ಕೈಲಿದ್ದ ಕೆಲಸವನ್ನು ದಿನಕ್ಕೆ ಹಲವು ಸಲ ನಿಲ್ಲಿಸಿ ದೇವರ ಮುಂದೆ ನಿಲ್ಲುವುದಾಗಿತ್ತು. ಅನಂತರದ ಕಾಲದಲ್ಲಿ, ಅದರಲ್ಲೂ ಪ್ರೊಟೆಸ್ಟೆಂಟ್ ನಾಡುಗಳಲ್ಲಿ, ಅದು ಒಂದು ಗಳಿಗೆಯೂ ಪೋಲಾಗದಂತೆ ದುಡಿಯುವುದಾಯಿತು.

ಇದರ ಬೇರುಗಳಿರುವುದು ಬೈಬಲಿನಲ್ಲಿ. ಮೋಶೆಯ ಹೆಸರಿನಲ್ಲಿರುವ 90ನೆಯ ಕೀರ್ತನೆ ಮನುಷ್ಯನ ಆಯುಸ್ಸನ್ನು ಎಪ್ಪತ್ತು, ಹೆಚ್ಚೆಂದರೆ ಎಂಬತ್ತು ವರ್ಷವೆಂದು ಎಣಿಸಿ, ದಿನಗಳನ್ನು ಎಣಿಸುವ ವಿವೇಕವನ್ನು ದೇವರಲ್ಲಿ ಬೇಡುತ್ತದೆ. ಎಫೆಸದ ಸಭೆಗೆ ಬರೆದ ಪತ್ರದಲ್ಲಿ ಪೌಲನು, ದಿನಗಳು ಕೆಟ್ಟವಾಗಿರುವುದರಿಂದ ಸಿಕ್ಕ ಸಮಯವನ್ನು ಬಿಡದೆ ಉಪಯೋಗಿಸಿಕೊಳ್ಳಬೇಕೆಂದು ಎಚ್ಚರಿಸುತ್ತಾನೆ. ಯೇಸು ಹೇಳಿದ ತಲಾಂತುಗಳ ಸಾಮ್ಯದಲ್ಲಿ, ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟು ಹಾಗೆಯೇ ಹಿಂದಕ್ಕೆ ಕೊಟ್ಟ ಆಳು ಒಡೆಯನ ಕೋಪಕ್ಕೆ ಗುರಿಯಾಗುತ್ತಾನೆ. ಮುಂದಿನ ಕಾಲದ ಬೋಧಕರು ಹೊತ್ತಿನ ಬಗ್ಗೆ ಮಾತಾಡಿದಾಗಲೆಲ್ಲ ಮತ್ತೆ ಮತ್ತೆ ಮರಳಿದ್ದು ಈ ಮೂರು ಭಾಗಗಳಿಗೆ.

ಮೊದಲ ತಲೆಮಾರಿನ ಕ್ರೈಸ್ತರು ಯೆಹೂದ್ಯರ ಪ್ರಾರ್ಥನೆಯ ವೇಳೆಗಳನ್ನೇ ಉಳಿಸಿಕೊಂಡರು. ಪೇತ್ರ ಮತ್ತು ಯೋಹಾನರು ಹಗಲಿನ ಒಂಬತ್ತನೆಯ ತಾಸಿಗೆ, ಅಂದರೆ ಇಳಿಹೊತ್ತಿನಲ್ಲಿ, ದೇವಾಲಯಕ್ಕೆ ಹೋದುದನ್ನೂ ಪೇತ್ರನು ನಡುಹಗಲಿನಲ್ಲಿ ಮಾಳಿಗೆ ಹತ್ತಿ ಪ್ರಾರ್ಥಿಸಿದುದನ್ನೂ ಅಪೊಸ್ತಲರ ಕೃತ್ಯಗಳು ಗ್ರಂಥ ಹೇಳುತ್ತದೆ. ಆದಿಸಭೆಯ ಕೈಪಿಡಿಯಾದ ‘ದಿದಾಖೆ’ ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ವಿಧಿಸಿತು. ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಹಗಲಿನ ಮೂರನೆಯ, ಆರನೆಯ, ಒಂಬತ್ತನೆಯ ತಾಸುಗಳನ್ನು ಪ್ರಾರ್ಥನೆಯ ಹೊತ್ತುಗಳೆಂದು ಹೆಸರಿಸಿದ. ಇವು ಊರಿನ ವ್ಯವಹಾರಕ್ಕೂ ಗುರುತಾಗಿದ್ದ ತಾಸುಗಳು. ಸಂತೆ, ಕಚೇರಿ, ಊಟ ಎಲ್ಲವನ್ನೂ ಜನ ಅವುಗಳಿಂದಲೇ ಅಳೆಯುತ್ತಿದ್ದರು. ವ್ಯವಹಾರದ ಅದೇ ಹೊತ್ತಿನೊಳಗೆ ದೇವರಿಗೆ ಪಾಲು ಎತ್ತಿಡಲಾಯಿತು. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ನಗರಗಳಲ್ಲಿ ನ್ಯಾಯಾಲಯ ಮತ್ತು ಕಸುಬುಗಳು ನಿಲ್ಲಬೇಕೆಂದು ಆಜ್ಞೆ ಹೊರಡಿಸಿದ ಮೇಲೆ ವಾರಕ್ಕೂ ಅಂಥ ಒಂದು ಪಾಲು ಕಾನೂನಿನ ಮೂಲಕವೇ ಬಂತು.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ನೆಲೆಸಿದ ತಪಸ್ವಿಗಳಿಗೆ ಹೊತ್ತು ಬೇರೆಯೇ ರೂಪದಲ್ಲಿ ಎದುರಾಯಿತು. ಅವರನ್ನು ಕಾಡಿದ್ದು ಹೊತ್ತಿನ ಕೊರತೆಯಲ್ಲ, ಅದರ ಭಾರ. ಅವರಲ್ಲೊಬ್ಬನಾದ, 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಪಾಂಟಿಕಸ್ ಈ ಭಾರ ತರುವ ಬೇಸರವನ್ನು ನಡುಹಗಲಿನ ಪಿಶಾಚಿ ಎಂದು ಕರೆದು, ಅದು ಹಿಡಿದವನ ಲಕ್ಷಣಗಳನ್ನು ವೈದ್ಯನ ಹಾಗೆ ಬರೆದಿಟ್ಟ. ಸೂರ್ಯ ಕದಲುತ್ತಲೇ ಇಲ್ಲವೆನಿಸುತ್ತದೆ, ಹಗಲು ಐವತ್ತು ತಾಸು ಉದ್ದವಾಗಿ ಕಾಣುತ್ತದೆ. ತಪಸ್ವಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರಬಾರದೇ ಎಂದು ಹಂಬಲಿಸುತ್ತಾನೆ, ಇರುವ ಜಾಗವನ್ನೂ ಕೈಕೆಲಸವನ್ನೂ ದ್ವೇಷಿಸತೊಡಗುತ್ತಾನೆ. ಮರುಭೂಮಿಯ ಹಿರಿಯರು ಕಂಡುಕೊಂಡ ಔಷಧ ಸರಳವಾದದ್ದು: ಚಾಪೆ, ಬುಟ್ಟಿ ಹೆಣೆಯುವ ಕೆಲಸ ಮತ್ತು ಪ್ರಾರ್ಥನೆ, ಒಂದಾದ ಮೇಲೆ ಒಂದು. ಸೋಮಾರಿತನದ ಬಗ್ಗೆ ಕ್ರೈಸ್ತ ಪರಂಪರೆ ಹೇಳಿದ ಬಹುಪಾಲು ಮಾತುಗಳು ಹುಟ್ಟಿದ್ದು ಈ ಗುಡಿಸಲುಗಳಲ್ಲಿ. ಇವರು ಸೋಮಾರಿತನವೆಂದು ಕರೆದದ್ದು ಮೈಗಳ್ಳತನಕ್ಕಿಂತ ಆಳವಾದ ರೋಗವನ್ನು, ಇರುವ ಹೊತ್ತಿನಲ್ಲಿ ಇರಲಾರದ ಮನಸ್ಸನ್ನು.

ಈ ಅನುಭವಕ್ಕೆ ಕಟ್ಟುನಿಟ್ಟಾದ ದಿನಚರಿಯ ರೂಪ ಕೊಟ್ಟವನು ಇಟಲಿಯ ನೂರ್ಸಿಯಾದ ಬೆನೆಡಿಕ್ಟ್. ರೋಮನ್ ಆಡಳಿತ ಕುಸಿದುಬಿದ್ದಿದ್ದ ಕಾಲದಲ್ಲಿ, 529ರ ಸುಮಾರಿಗೆ, ಆತ ಮಾಂಟೆ ಕಸಿನೊ ಬೆಟ್ಟದ ಮೇಲೆ ಮಠ ಕಟ್ಟಿದ. ಅಲ್ಲಿನ ಸನ್ಯಾಸಿಗಳಿಗಾಗಿ ಬರೆದ 73 ಅಧ್ಯಾಯಗಳ ನಿಯಮಾವಳಿ ಮುಂದೆ ಪಶ್ಚಿಮ ಯೂರೋಪಿನ ಮಠಗಳಿಗೆಲ್ಲ ಮಾದರಿಯಾಯಿತು. ಅದು ಹಗಲಿಗೆ ಏಳು, ರಾತ್ರಿಗೆ ಒಂದು ಪ್ರಾರ್ಥನೆಯನ್ನು ಗೊತ್ತುಮಾಡಿ, ನಡುವಿನ ಹೊತ್ತನ್ನು ಕೈಕೆಲಸಕ್ಕೂ ಓದಿಗೂ ಹಂಚಿತು. 150 ಕೀರ್ತನೆಗಳೂ ಒಂದು ವಾರದಲ್ಲಿ ಮುಗಿಯಬೇಕು. ಹಿಂದಿನ ತಪಸ್ವಿಗಳು ಒಂದೇ ದಿನದಲ್ಲಿ ಮಾಡುತ್ತಿದ್ದುದನ್ನು ನಾವು ವಾರಕ್ಕಾದರೂ ಮಾಡೋಣವೆಂಬುದು ಅವನ ವಿನಯದ ಸಮರ್ಥನೆ.

ಈ ನಿಯಮಾವಳಿಯ ಹಿರಿಮೆ ಅದರ ಸಣ್ಣ ಸಣ್ಣ ವಿವರಗಳಲ್ಲಿದೆ. ರಾತ್ರಿಯ ಪ್ರಾರ್ಥನೆಗೆ ತಡವಾಗಬಾರದೆಂದು ಸನ್ಯಾಸಿಗಳು ಉಟ್ಟ ಬಟ್ಟೆಯಲ್ಲೇ ಮಲಗಬೇಕು. ಏಳುವಾಗ ನಿದ್ದೆಗಣ್ಣಿನವರು ನೆಪ ಹೇಳುತ್ತಾರಾದ್ದರಿಂದ ಒಬ್ಬರನ್ನೊಬ್ಬರು ಮೆಲ್ಲನೆ ಹುರಿದುಂಬಿಸಬೇಕು. ತಡವಾಗಿ ಬರುವವರಿಗೂ ಅವಕಾಶವಿರಲೆಂದು ರಾತ್ರಿ ಪ್ರಾರ್ಥನೆಯ ಆರಂಭದ ಕೀರ್ತನೆಯನ್ನು ಬೇಕೆಂದೇ ನಿಧಾನವಾಗಿ ಹಾಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹಾಸಿಗೆಯಲ್ಲಿ ಮೌನವಾಗಿ ವಿಶ್ರಮಿಸಬಹುದು. ಓದಬಯಸುವವನು ಪಕ್ಕದವನಿಗೆ ತೊಂದರೆಯಾಗದಂತೆ ಓದಿಕೊಳ್ಳಬಹುದು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬನಿಗೂ ಒಂದು ಪುಸ್ತಕ ಕೊಟ್ಟು, ಓದುವ ವೇಳೆಯಲ್ಲಿ ಯಾರಾದರೂ ಹರಟೆಗೆ ಬಿದ್ದಿದ್ದಾರೆಯೇ ಎಂದು ನೋಡಲು ಒಬ್ಬಿಬ್ಬರು ಹಿರಿಯರು ಮಠದೊಳಗೆ ಸುತ್ತಬೇಕು. ದೂರದ ಹೊಲದಲ್ಲಿ ದುಡಿಯುತ್ತಿರುವವರು ಪ್ರಾರ್ಥನೆಯ ಹೊತ್ತಾದಾಗ ಇದ್ದಲ್ಲೇ ಮೊಣಕಾಲೂರಬೇಕು. ಹೊತ್ತು ತಿಳಿಸುವ ಹೊಣೆ ಸ್ವತಃ ಮಠಾಧಿಪತಿಯದು, ಇಲ್ಲವೇ ಅವನು ನಂಬಿ ನೇಮಿಸಿದ ಸನ್ಯಾಸಿಯದು. ಯಾರ ಅಜಾಗ್ರತೆಯಿಂದ ಎಲ್ಲರೂ ತಡವಾಗಿ ಎದ್ದರೋ ಅವನು ಪ್ರಾರ್ಥನಾಮಂದಿರದಲ್ಲಿ ದೇವರಿಗೆ ಪ್ರಾಯಶ್ಚಿತ್ತ ಸಲ್ಲಿಸಬೇಕು.

ಇಲ್ಲಿ ದುಡಿಮೆಗೆ ಗೌರವವಿದೆ. ಆದರೆ ಗಂಟೆ ಕೇಳಿದೊಡನೆ ಕೈಲಿದ್ದುದನ್ನು ಅರ್ಧಕ್ಕೇ ಬಿಟ್ಟು ಏಳಬೇಕೆಂಬುದು ಅದಕ್ಕಿಂತ ಮೇಲಿನ ಕಟ್ಟಳೆ. ಕೆಲಸ ಎಷ್ಟು ಮುಗಿಯಿತೆಂಬುದು ಬೆನೆಡಿಕ್ಟನ ಲೆಕ್ಕದಲ್ಲಿ ಬರುವುದೇ ಇಲ್ಲ. ಸಾವನ್ನು ದಿನವೂ ಕಣ್ಣೆದುರು ಇಟ್ಟುಕೊಳ್ಳಬೇಕೆಂದು ಹೇಳಿದವನೂ ಅವನೇ. ಆಯುಸ್ಸು ಕಡಿಮೆಯೆಂಬ ಅರಿವಿನಿಂದ ಅವನು ಅವಸರಕ್ಕೆ ಬೀಳಲಿಲ್ಲ, ಕ್ರಮವನ್ನು ಕಟ್ಟಿದ. ಕ್ರೈಸ್ತ ಚರಿತ್ರೆಯಲ್ಲಿ ಹೊತ್ತಿನ ಬಗ್ಗೆ ಇಷ್ಟು ಸಮಾಧಾನದಿಂದ ಯೋಚಿಸಿದ ಬರಹ ಇನ್ನೊಂದು ಸಿಗುವುದು ಕಷ್ಟ.

ಆ ಕಾಲದ ತಾಸುಗಳು ಇಂದಿನಂತೆ ಸಮ ಅಳತೆಯವಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದರಿಂದ, ರೋಮಿನ ಅಕ್ಷಾಂಶದಲ್ಲಿ ಚಳಿಗಾಲದ ಹಗಲಿನ ಒಂದು ತಾಸು ಸುಮಾರು 45 ನಿಮಿಷಕ್ಕೆ ಇಳಿದು, ಬೇಸಿಗೆಯಲ್ಲಿ 75 ನಿಮಿಷಕ್ಕೆ ಏರುತ್ತಿತ್ತು. ಹಗಲಿಗೆ ನೆರಳು ಸಾಕಾಗುತ್ತಿತ್ತು. ಕಷ್ಟವಿದ್ದದ್ದು ರಾತ್ರಿಯ ಪ್ರಾರ್ಥನೆಗೆ. ಆರನೆಯ ಶತಮಾನದಲ್ಲಿ ಟೂರ್ ನಗರದ ಬಿಷಪ್ ಗ್ರೆಗೊರಿ, ಯಾವ ತಿಂಗಳಲ್ಲಿ ಯಾವ ನಕ್ಷತ್ರ ಎಲ್ಲಿ ಬಂದಾಗ ಏಳಬೇಕೆಂದು ತಿಳಿಸಲು ಒಂದು ಪುಸ್ತಕವನ್ನೇ ಬರೆದ. ಮೋಡ ಕವಿದ ರಾತ್ರಿಗಳಲ್ಲಿ ಮೇಣದ ಬತ್ತಿ ಉರಿದ ಪ್ರಮಾಣವೋ ಹೇಳಿ ಮುಗಿಸಿದ ಕೀರ್ತನೆಗಳ ಎಣಿಕೆಯೋ ನೆರವಾಗುತ್ತಿತ್ತು. ಮುಂದೆ ಮಠಗಳಲ್ಲಿ ಜಲಗಡಿಯಾರಗಳು ಬಂದವು. ಅವು ಎಷ್ಟು ದೊಡ್ಡವಾಗಿದ್ದವೆಂಬುದಕ್ಕೆ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಮಠದ ವೃತ್ತಾಂತವೊಂದಿದೆ. 1198ರ ಒಂದು ರಾತ್ರಿ ಸಂತನ ಸಮಾಧಿಯ ಬಳಿ ಬೆಂಕಿ ಬಿದ್ದಾಗ ಕೆಲವು ಸನ್ಯಾಸಿಗಳು ನೀರಿಗಾಗಿ ಬಾವಿಯ ಕಡೆಗೂ ಕೆಲವರು ಗಡಿಯಾರದ ಕಡೆಗೂ ಓಡಿದರೆಂದು ಅದೇ ಮಠದ ಜೊಸೆಲಿನ್ ಬರೆದಿದ್ದಾನೆ.

ಹದಿಮೂರನೆಯ ಶತಮಾನದ ಕೊನೆಯಲ್ಲಿ ತೂಕದ ಕಲ್ಲಿನಿಂದ ನಡೆಯುವ ಯಾಂತ್ರಿಕ ಗಡಿಯಾರ ಕಾಣಿಸಿಕೊಂಡಾಗ ಅದಕ್ಕೆ ಮೊದಲು ಜಾಗ ಕೊಟ್ಟವುಗಳಲ್ಲಿ ಮಠಗಳೂ ಕತೀಡ್ರಲ್‌ಗಳೂ ಇದ್ದವು. 1283ರಲ್ಲಿ ಇಂಗ್ಲೆಂಡಿನ ಡನ್‌ಸ್ಟಬಲ್ ಮಠದಲ್ಲಿ ಗಡಿಯಾರವೊಂದನ್ನು ಕೂರಿಸಿದ ದಾಖಲೆಯಿದೆ. ಇವೆಲ್ಲಕ್ಕಿಂತ ಮನಮುಟ್ಟುವುದು ಸೇಂಟ್ ಆಲ್ಬನ್ಸ್ ಮಠದ ಅಧಿಪತಿ, ವಾಲಿಂಗ್‌ಫರ್ಡಿನ ರಿಚರ್ಡನ ಕಥೆ. ಕಮ್ಮಾರನ ಮಗನಾಗಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ಖಗೋಳಶಾಸ್ತ್ರ ಕಲಿತ ಈತ 1327ರಲ್ಲಿ ಮಠಾಧಿಪತಿಯಾದ. ಮೈಗೆ ಕುಷ್ಠ ಹತ್ತಿತ್ತು. ಹಾಗಿದ್ದೂ ಸೂರ್ಯ, ಚಂದ್ರರ ಗತಿ ತೋರಿಸುವ ಮಹಾ ಗಡಿಯಾರವೊಂದನ್ನು ಕಟ್ಟಿಸತೊಡಗಿದ. ಮಠವನ್ನು ನೋಡಲು ಬಂದ ದೊರೆ 3ನೆಯ ಎಡ್ವರ್ಡ್, ಗುಡಿಯ ಗೋಡೆಗಳು ಬೀಳುವಂತಿರುವಾಗ ಇಂಥ ಯಂತ್ರಕ್ಕೆ ಹಣ ಸುರಿಯುವುದೇಕೆಂದು ಮೃದುವಾಗಿ ಆಕ್ಷೇಪಿಸಿದ. ಕಟ್ಟಡವನ್ನು ಮುಂದೆ ಬರುವ ಯಾವ ಮಠಾಧಿಪತಿಯಾದರೂ ಸರಿಪಡಿಸಬಲ್ಲ, ಈ ಕೆಲಸವನ್ನು ಮಾತ್ರ ತಾನು ಸತ್ತ ಮೇಲೆ ಮುಗಿಸಬಲ್ಲವರು ಸಿಗಲಾರರು ಎಂದು ರಿಚರ್ಡ್ ಉತ್ತರಿಸಿದನೆಂದು ಮಠದ ಚರಿತ್ರೆ ಹೇಳುತ್ತದೆ. 1336ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ಅವನು ತೀರಿಕೊಂಡ. ಗಡಿಯಾರ ಪೂರ್ತಿಯಾದದ್ದು ಅನಂತರ. ಅಷ್ಟು ಕಡಿಮೆ ಹೊತ್ತು ಉಳಿದಿರುವವನು ತನ್ನಿಂದ ಮಾತ್ರ ಆಗುವ ಕೆಲಸವನ್ನು ಆರಿಸಿಕೊಂಡದ್ದು ಸರಿಯಾದ ತೀರ್ಮಾನವೇ.

ಯಾಂತ್ರಿಕ ಗಡಿಯಾರ ಮಠದ ಅಗತ್ಯಕ್ಕೆ ಒದಗಿದರೂ ಮಠದಲ್ಲಿ ಉಳಿಯಲಿಲ್ಲ. 1330ರ ದಶಕದಲ್ಲಿ ಮಿಲಾನಿನ ಸಾನ್ ಗೊತ್ತಾರ್ದೊ ಗೋಪುರದ ಗಡಿಯಾರ ಹಗಲು ರಾತ್ರಿಯನ್ನು 24 ಸಮ ಗಂಟೆಗಳಾಗಿ ಬಾರಿಸತೊಡಗಿತು. ಉಣ್ಣೆ ನೇಯ್ಗೆಯ ಪಟ್ಟಣಗಳಲ್ಲಿ ಕೂಲಿಯ ಹೊತ್ತನ್ನು ಸಾರುವ ಗಂಟೆಗಳು ಎದ್ದವು. ವರ್ತಕನ ಹೊತ್ತು ಇಗರ್ಜಿಯ ಹೊತ್ತಿನ ಪಕ್ಕದಲ್ಲಿ ಬಂದು ನಿಂತಿತು. ಈ ಎರಡರ ನಡುವಿನ ತಿಕ್ಕಾಟ ಬಡ್ಡಿಯ ವಿಷಯದಲ್ಲಿ ಆಗಲೇ ಶುರುವಾಗಿತ್ತು. ಬಡ್ಡಿ ತೆಗೆದುಕೊಳ್ಳುವವನು ಮಾರುವುದು ಹೊತ್ತನ್ನು, ಹೊತ್ತು ದೇವರದು, ತನ್ನದಲ್ಲದ್ದನ್ನು ಮಾರುವವನು ಕಳ್ಳ ಎಂಬುದು ಹದಿಮೂರನೆಯ ಶತಮಾನದ ಧರ್ಮಶಾಸ್ತ್ರಿಗಳ ವಾದ. 1960ರಲ್ಲಿ ಫ್ರೆಂಚ್ ಇತಿಹಾಸಕಾರ ಜಾಕ್ ಲ ಗಾಫ್ ಈ ಘರ್ಷಣೆಯ ಬಗ್ಗೆ ಬರೆದ ಪ್ರಬಂಧ ಇಂದಿಗೂ ಈ ವಿಷಯದಲ್ಲಿ ಮೊದಲು ಓದಬೇಕಾದದ್ದು.

ಮಠದ ಹೊರಗಿನ ಜನಕ್ಕೂ ಹೊತ್ತಿನ ಪ್ರಾರ್ಥನೆಯ ಪಾಲು ಸಿಕ್ಕಿತು. ಓದುಬಲ್ಲವರಿಗೆ ಹೊತ್ತಿನ ಪ್ರಾರ್ಥನೆಗಳ ಕಿರು ಪುಸ್ತಕಗಳು ಬಂದವು, ಓದಲಾರದವರಿಗೆ ಗಂಟೆಯೇ ಸಾಕಾಯಿತು. ಸಂಜೆಯ ಗಂಟೆಗೆ ಮರಿಯಮ್ಮನವರ ಪ್ರಾರ್ಥನೆ ಹೇಳುವ ರೂಢಿ ಹದಿನಾಲ್ಕನೆಯ ಶತಮಾನದಲ್ಲಿ ಪೋಪರ ಮನ್ನಣೆ ಪಡೆಯಿತು. ಬೆಳಿಗ್ಗೆ ಮತ್ತು ನಡುಹಗಲಿನ ಗಂಟೆಗಳು ಅದರೊಡನೆ ಸೇರಿ, ದಿನಕ್ಕೆ ಮೂರು ಸಲದ ದೇವದೂತನ ಪ್ರಾರ್ಥನೆಯಾಯಿತು. ಗೋವೆಯಿಂದ ಕರಾವಳಿಗೆ ಬಂದ ಕೊಂಕಣಿ ಕ್ಯಾಥೊಲಿಕರ ಜೊತೆ ಈ ಗಂಟೆ ದಕ್ಷಿಣ ಕನ್ನಡದ ಇಗರ್ಜಿಗಳಿಗೂ ಬಂತು. ಸಂಜೆಯ ಗಂಟೆ ಕೇಳಿದಾಗ ಗದ್ದೆಯಲ್ಲಿದ್ದವರು ನಿಂತಲ್ಲೇ ಶಿಲುಬೆಯ ಗುರುತು ಹಾಕಿಕೊಳ್ಳುವುದು, ಕತ್ತಲಾದ ಮೇಲೆ ಮನೆಮಂದಿಯೆಲ್ಲ ಕೂಡಿ ‘ತೆರ್ಸ್’ ಎಂಬ ಜಪಸರದ ಪ್ರಾರ್ಥನೆ ಹೇಳಿ ಹಿರಿಯರ ಆಶೀರ್ವಾದ ಪಡೆಯುವುದು ಅಲ್ಲಿ ತಲೆಮಾರುಗಳ ವಾಡಿಕೆ.

ಹದಿನಾರನೆಯ ಶತಮಾನದ ಮತಸುಧಾರಣೆ ಈ ವ್ಯವಸ್ಥೆಯನ್ನು ಬುಡದಿಂದ ಅಲುಗಾಡಿಸಿತು. ಸ್ವತಃ ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್, ಮಠದ ವ್ರತಕ್ಕಿಂತ ಚಮ್ಮಾರನ, ರೈತನ, ತಾಯಿಯ ನಿತ್ಯದ ಕೆಲಸ ದೇವರ ಕಣ್ಣಿನಲ್ಲಿ ಕೀಳಲ್ಲವೆಂದು ಬೋಧಿಸಿದ. ಇಂಗ್ಲೆಂಡಿನಲ್ಲಿ 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಲಾಯಿತು. ಸುಗ್ಗಿಯ ಕಾಲಕ್ಕೆ ಬರುತ್ತಿದ್ದ ಸಂತರ ಹಬ್ಬಗಳಲ್ಲಿ ಬಹುಪಾಲು 1536ರಲ್ಲೇ ರದ್ದಾದವು. 1549ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ದಿನದ ಎಂಟು ಪ್ರಾರ್ಥನೆಗಳನ್ನು ಬೆಳಿಗ್ಗೆ, ಸಂಜೆ ಎಂಬ ಎರಡಕ್ಕೆ ಇಳಿಸಿತು. ಜಿನೀವಾ ನಗರ 1550ರಲ್ಲಿ ಭಾನುವಾರದ ಹೊರತು ಎಲ್ಲ ಹಬ್ಬಗಳನ್ನೂ ಕೈಬಿಟ್ಟಿತು. ಹೀಗೆ ವರ್ಷಕ್ಕೂ ದಿನಕ್ಕೂ ಇದ್ದ ನಿಲುಗಡೆಗಳು ಹೋಗಿ, ಎಲ್ಲ ನಿಲುಗಡೆಯ ಭಾರ ಭಾನುವಾರವೊಂದರ ಮೇಲೆ ಬಿತ್ತು. ಆಂಗ್ಲಿಕನ್ ಸಭೆಯನ್ನು ಇನ್ನಷ್ಟು ಶುದ್ಧಗೊಳಿಸಬಯಸಿದ ಇಂಗ್ಲಿಷ್ ಪ್ಯೂರಿಟನ್ನರು ಅದನ್ನು ಅತಿ ನಿಷ್ಠೆಯಿಂದ ಕಾಯ್ದದ್ದು ಇದಕ್ಕಾಗಿಯೇ. ಭಾನುವಾರ ಆರಾಧನೆಯ ನಂತರ ಕುಣಿತ, ಬಿಲ್ಲುಗಾರಿಕೆ ಮುಂತಾದ ಆಟಗಳಿಗೆ ಅನುಮತಿ ಕೊಟ್ಟು 1618ರಲ್ಲಿ ದೊರೆ ಜೇಮ್ಸ್ ಹೊರಡಿಸಿದ ಘೋಷಣೆ ಅವರನ್ನು ಕೆರಳಿಸಿತು.

ಉಳಿದ ಆರು ದಿನಗಳ ಹೊಣೆ ಈಗ ಒಬ್ಬೊಬ್ಬನ ಮನಸ್ಸಾಕ್ಷಿಯ ಮೇಲೆ ಬಂತು. ಗಂಟೆ ಬಾರಿಸುವ ಸನ್ಯಾಸಿಯಿಲ್ಲ, ಸುತ್ತಾಡಿ ನೋಡುವ ಹಿರಿಯನಿಲ್ಲ. ತನ್ನ ಹೊತ್ತಿಗೆ ತಾನೇ ಕಾವಲು. ದಿನಚರಿ ಬರೆದು ರಾತ್ರಿ ತನ್ನನ್ನು ತಾನೇ ವಿಚಾರಣೆ ಮಾಡಿಕೊಳ್ಳುವ ಅಭ್ಯಾಸ ಹಬ್ಬಿತು. ಪ್ರಸಂಗಪೀಠದ ಪಕ್ಕದಲ್ಲಿ ಮರಳು ಗಡಿಯಾರ ಬಂತು. ಆಂಗ್ಲಿಕನ್ ಪಾದ್ರಿ ಜೆರೆಮಿ ಟೇಲರ್ 1650ರಲ್ಲಿ ಬರೆದ ‘ಪವಿತ್ರ ಜೀವನ’ ಪುಸ್ತಕದಲ್ಲಿ ಸಾಧನೆಯ ಮೊದಲ ಉಪಾಯವೇ ಸಮಯದ ಜೋಪಾನ. ಪ್ಯೂರಿಟನ್ ಬೋಧಕ ರಿಚರ್ಡ್ ಬ್ಯಾಕ್ಸ್ಟರ್ 1673ರ ‘ಕ್ರೈಸ್ತ ಮಾರ್ಗದರ್ಶಿ’ಯಲ್ಲಿ ಸಮಯವನ್ನು ಕದಿಯುವ ಕಳ್ಳರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿದ: ಅತಿ ನಿದ್ದೆ, ಅತಿ ಅಲಂಕಾರ, ಅನಗತ್ಯದ ಔತಣ, ಹಾಳು ಹರಟೆ. ಬಾಳಿನುದ್ದಕ್ಕೂ ಕಾಯಿಲೆಯಿಂದ ನರಳಿದ ಬ್ಯಾಕ್ಸ್ಟರ್ ನಾಳೆ ಸಾಯುವವನಂತೆಯೇ ಬರೆದ, ಬೋಧಿಸಿದ. ಅವನು ಸೇವೆ ಮಾಡಿದ ಕಿಡ್ಡರ್‌ಮಿನ್‌ಸ್ಟರ್ ನೇಕಾರರ ಊರು. ಮಗ್ಗದ ಮುಂದೆ ಪುಸ್ತಕ ತೆರೆದಿಟ್ಟುಕೊಂಡು ಓದುತ್ತ ನೇಯಬಹುದು, ಒಬ್ಬರಿಗೊಬ್ಬರು ಒಳ್ಳೆಯ ಮಾತು ಹೇಳಿಕೊಳ್ಳಬಹುದು ಎಂದು ಅವನು ಆ ಕಸುಬನ್ನು ಮೆಚ್ಚಿಕೊಂಡಿದ್ದ. ಬೆನೆಡಿಕ್ಟನಿಂದ ದೂರ ಬಂದದ್ದು ಕಾಣುವುದು ಇಲ್ಲಿಯೇ: ಕೆಲಸ ನಿಂತು ಪ್ರಾರ್ಥನೆ ಶುರುವಾಗುವುದಿಲ್ಲ, ಎರಡೂ ಒಂದೇ ಗಳಿಗೆಯೊಳಗೆ ಸೇರುತ್ತವೆ.

ಹದಿನೆಂಟನೆಯ ಶತಮಾನದಲ್ಲಿ ಈ ಎಚ್ಚರ ತುದಿಗೇರಿತು. ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಹದಿಹರೆಯ ಮುಗಿಯುವ ಮುನ್ನವೇ, 1722ರಲ್ಲಿ, ತನಗಾಗಿ ಸಂಕಲ್ಪಗಳನ್ನು ಬರೆಯತೊಡಗಿದ. ಅವು ಬೆಳೆದು 70 ಆದವು. ಒಂದು ಕ್ಷಣವನ್ನೂ ಕಳೆದುಕೊಳ್ಳಬಾರದೆಂಬುದು ಅವುಗಳಲ್ಲೊಂದು. 1734ರಲ್ಲಿ ನಾರ್ಥಾಂಪ್ಟನ್ ಸಭೆಗೆ ಅವನು ಮಾಡಿದ ಪ್ರಸಂಗದ ವಿಷಯವೇ ಸಮಯದ ಬೆಲೆ: ಹೋದ ಹೊತ್ತು ಯಾವ ಬೆಲೆ ಕೊಟ್ಟರೂ ಬಾರದು, ನಿತ್ಯಜೀವ ಅದರ ಮೇಲೆ ನಿಂತಿದೆ. ಎಡ್ವರ್ಡ್ಸ್ ಹುಟ್ಟಿದ 1703ರಲ್ಲೇ ಹುಟ್ಟಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ, ಆಕ್ಸ್‌ಫರ್ಡಿನ ದಿನಗಳಲ್ಲಿ ಗಂಟೆ ಗಂಟೆಯ ಲೆಕ್ಕವನ್ನು ಸಂಕೇತಾಕ್ಷರಗಳಲ್ಲಿ ಬರೆದಿಟ್ಟ. ಅವನ ಗೆಳೆಯರ ಗುಂಪಿಗೆ ‘ಮೆಥಡಿಸ್ಟ್’ ಎಂಬ ಹೆಸರು ಬಿದ್ದದ್ದು ಇಂಥ ಶಿಸ್ತಿನಿಂದ. 1782ರಲ್ಲಿ ಬರೆದ ಪ್ರಸಂಗವೊಂದರಲ್ಲಿ ವೆಸ್ಲಿ ಸಮಯದ ಚರ್ಚೆಯನ್ನು ಪೂರ್ತಿಯಾಗಿ ನಿದ್ದೆಗೇ ಮೀಸಲಿಟ್ಟ. ನಡುರಾತ್ರಿ ಎಚ್ಚರವಾಗುತ್ತಿದ್ದ ತಾನು, ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲಿರುವುದೇ ಕಾರಣವೆಂದು ಊಹಿಸಿ, ಎಬ್ಬಿಸುವ ಗಡಿಯಾರ ತಂದು ಮೊದಲ ದಿನ ಏಳಕ್ಕೆ, ಮರುದಿನ ಆರಕ್ಕೆ, ಆಮೇಲೆ ಐದಕ್ಕೆ, ನಾಲ್ಕನೆಯ ದಿನ ನಾಲ್ಕಕ್ಕೆ ಎದ್ದದ್ದನ್ನೂ, ಆ ರಾತ್ರಿಯಿಂದ ನಿದ್ದೆ ಕೆಡದಿದ್ದುದನ್ನೂ ವಿವರಿಸಿದ. ಬದುಕಿನ ಕೊನೆಯವರೆಗೂ ನಾಲ್ಕಕ್ಕೇ ಎದ್ದ, ಬಹಳ ವರ್ಷ ಐದಕ್ಕೇ ಪ್ರಸಂಗ ಮಾಡಿದ, ಕುದುರೆಯ ಮೇಲೆ ಕೂತೇ ಪುಸ್ತಕ ಓದಿದ.

ಇದೇ ಕಾಲದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1748ರ ಬರಹದಲ್ಲಿ ಎಳೆಯ ವ್ಯಾಪಾರಿಗೆ ಬುದ್ಧಿ ಹೇಳುತ್ತ ಸಮಯವನ್ನು ಹಣಕ್ಕೆ ಸಮನೆಂದ. ಬ್ಯಾಕ್ಸ್ಟರನ ಎಚ್ಚರ ಮತ್ತು ಫ್ರಾಂಕ್ಲಿನನ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904–05ರಲ್ಲಿ, ಬಂಡವಾಳಶಾಹಿಯ ಮನೋಧರ್ಮಕ್ಕೆ ಪ್ಯೂರಿಟನ್ ಶಿಸ್ತು ದಾರಿ ಮಾಡಿಕೊಟ್ಟಿತೆಂದು ವಾದಿಸಿದ. ವಾದದಲ್ಲಿ ನಿಜವಿದೆ, ಆದರೆ ಒಂದು ಅಂತರವನ್ನು ಮರೆಯಬಾರದು. ಉಳಿಸಿದ ಹೊತ್ತಿನಲ್ಲಿ ಹಣ ಕೂಡಿಸಬೇಕೆಂದು ಬ್ಯಾಕ್ಸ್ಟರ್ ಆಗಲಿ ವೆಸ್ಲಿಯಾಗಲಿ ಹೇಳಲಿಲ್ಲ. ಅವರಿಗೆ ಅದು ರೋಗಿಗಳ, ಸೆರೆಯವರ, ಬಡವರ ಮತ್ತು ಪ್ರಾರ್ಥನೆಯ ಹೊತ್ತು. ಲೆಕ್ಕ ಕೇಳುವ ಒಡೆಯನನ್ನು ಬಿಟ್ಟು ಲೆಕ್ಕವನ್ನು ಮಾತ್ರ ಇಟ್ಟುಕೊಂಡದ್ದು ಅವರ ನಂತರದವರು.

ಪ್ರೊಟೆಸ್ಟೆಂಟರೊಳಗೆ ವೈಯಕ್ತಿಕ ಭಕ್ತಿಗೆ ಒತ್ತು ಕೊಟ್ಟ ಜರ್ಮನಿಯ ಪಯಟಿಸ್ಟ್ ಪಂಥದವರಲ್ಲಿ ಹಳೆಯ ಹೊಸ ರೂಢಿಗಳೆರಡೂ ಕೂಡಿದವು. ಹೆರ್ನ್‌ಹೂಟ್ ಊರಿನ ಮೊರೇವಿಯನ್ ಸಮುದಾಯ 1727ರಲ್ಲಿ ಹಗಲು ರಾತ್ರಿಯ 24 ಗಂಟೆಗಳನ್ನೂ ಪ್ರಾರ್ಥನೆಗಾಗಿ ಹಂಚಿಕೊಂಡು, ಆ ಸರದಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಸಿತು. ದಿನಕ್ಕೊಂದು ವೇದವಚನದ ಪುಸ್ತಿಕೆ 1731ರಿಂದ ಅಚ್ಚಾಗುತ್ತ ಬಂದು, ಪಯಟಿಸ್ಟ್ ಮನೆಗಳ ಬೆಳಗಿನ ಓದಾಯಿತು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಇದೇ ಪರಂಪರೆಯದು. ಅದರ ಮಿಷನರಿಗಳಲ್ಲಿ ಬಹಳಷ್ಟು ಮಂದಿ ವುರ್ಟೆಂಬರ್ಗ್ ಸೀಮೆಯ ಕಸುಬುದಾರರ, ರೈತರ ಮಕ್ಕಳು. 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದಾಗ, ಇಲ್ಲಿನ ಜನ ದಿನವನ್ನು ಅಳೆಯುತ್ತಿದ್ದದ್ದು ಜಾವ, ಘಳಿಗೆಗಳಿಂದ: ದಿನಕ್ಕೆ 60 ಘಳಿಗೆ, ಘಳಿಗೆಗೆ 24 ನಿಮಿಷ. ತೂತಿನ ಬಟ್ಟಲು ನೀರಿನಲ್ಲಿ ಮುಳುಗುವ ಹೊತ್ತೇ ಒಂದು ಘಳಿಗೆ.

ಮತಾಂತರದಿಂದ ಜಾತಿಯ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಂಡವರಿಗಾಗಿ ಮಿಷನ್ 1841ರಲ್ಲಿ ಮುದ್ರಣಾಲಯವನ್ನೂ, 1850ರ ದಶಕದಲ್ಲಿ ಸುಧಾರಿತ ಮಗ್ಗಗಳ ನೇಯ್ಗೆಯನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಶುರುಮಾಡಿತು. ಅಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು, ಭಾನುವಾರ ಯಂತ್ರಗಳು ನಿಲ್ಲುತ್ತಿದ್ದವು. ಮಳೆ ಬಿಸಿಲು ನೋಡಿ ಗದ್ದೆಗಿಳಿಯುತ್ತಿದ್ದವರ ಮಕ್ಕಳು ಗಡಿಯಾರದ ಹೊತ್ತಿಗೆ ಕೆಲಸಕ್ಕೆ ಹಾಜರಾಗತೊಡಗಿದರು. ಕಾರ್ಖಾನೆಯ ಕೂಲಿಯ ಲೆಕ್ಕ ಮತ್ತು ಪಯಟಿಸ್ಟರ ಆತ್ಮದ ಲೆಕ್ಕ ಒಂದೇ ಸೂರಿನಡಿ ನಡೆದದ್ದು ಆ ಬದುಕಿನ ಬಲವೂ ಹೌದು, ಬಿಕ್ಕಟ್ಟೂ ಹೌದು. ಬೋಧಕನೇ ಯಜಮಾನನೂ ಆಗಿದ್ದಲ್ಲಿ ತಡವಾಗಿ ಬಂದವನ ತಪ್ಪು ಬರೀ ಕೆಲಸದ ತಪ್ಪಾಗಿ ಉಳಿಯುವುದು ಕಷ್ಟ. ಇದೇ ಮಿಷನಿನ ಫರ್ಡಿನಾಂಡ್ ಕಿಟೆಲ್ ದಶಕಗಳ ದುಡಿಮೆಯಿಂದ ಸಿದ್ಧಪಡಿಸಿದ ಕನ್ನಡ ನಿಘಂಟು 1894ರಲ್ಲಿ ಆ ಮುದ್ರಣಾಲಯದಿಂದ ಹೊರಬಂತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು.

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಹೊತ್ತಿನ ಪ್ರಾರ್ಥನೆಗೆ ದೊಡ್ಡ ಬದಲಾವಣೆ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. 1963ರ ಆರಾಧನಾ ಸಂವಿಧಾನ, ಪ್ರಾರ್ಥನೆಗಳು ಆಯಾ ಹೊತ್ತಿಗೇ ನಡೆಯಬೇಕೆಂದು ಒತ್ತಿಹೇಳಿತು. ಗುರುಗಳು ಎಲ್ಲವನ್ನೂ ಒಟ್ಟಿಗೆ ಓದಿ ಮುಗಿಸುವ ಅಭ್ಯಾಸ ಅಷ್ಟರಲ್ಲಿ ಬೆಳೆದಿತ್ತು. ಸೂರ್ಯೋದಯದ ನಂತರದ ಮೊದಲ ತಾಸಿನ ಪ್ರಾರ್ಥನೆಯನ್ನು ಕೈಬಿಡಲಾಯಿತು. ಬೆಳಿಗ್ಗೆ ಮತ್ತು ಸಂಜೆಯ ಪ್ರಾರ್ಥನೆಗಳು ದಿನದ ಎರಡು ಕಂಬಗಳಾದವು, ಕೀರ್ತನೆಗಳ ಸುತ್ತು ಒಂದು ವಾರದಿಂದ ನಾಲ್ಕು ವಾರಕ್ಕೆ ಹಿಗ್ಗಿತು, ಜನಸಾಮಾನ್ಯರೂ ಇದರಲ್ಲಿ ಸೇರಲು ಕರೆ ಬಂತು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕೆಂಗೇರಿಯಾಚೆ ಇರುವ ಬೆನೆಡಿಕ್ಟೈನ್ ಮಠ ಆಶೀರ್ವನಂ ಸೇರಿದಂತೆ, ಆ ಸಂಪ್ರದಾಯದ ಮಠಗಳು ಇಂದಿಗೂ ಪ್ರಾರ್ಥನೆ, ಓದು, ಕೈಕೆಲಸಗಳಿಗೆ ದಿನವನ್ನು ಹಂಚಿಕೊಂಡು ನಡೆಯುತ್ತಿವೆ.